ನೇರಳೆ ಬೀಜದ ಪುಡಿ ಮತ್ತು ಅಕ್ಕನ ಊಟದ ಹೊತ್ತು

ಈ ವರ್ಷ ಜೂನ್ ಕೊನೆಯ ವಾರದಲ್ಲಿ ಹಟ್ಟಿಯಲ್ಲಿರುವ ನನ್ನ ಅಕ್ಕ ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಿ ನೇರಳೆ ಬೀಜದ ಪುಡಿ ಶುರು ಮಾಡಿದಳು. ನನಗದು ತಿಳಿದದ್ದು ಆಗಸ್ಟ್‌ನಲ್ಲಿ. ಬಲಗಾಲಿನ ಹೆಬ್ಬೆರಳಿನ ಹುಣ್ಣು ಮಾಯುತ್ತಿಲ್ಲ, ಸುತ್ತ ಕಪ್ಪಗಾಗುತ್ತಿದೆ ಎಂದು ಅವಳ ಗಂಡ ಫೋನ್ ಮಾಡಿದರು. ಅವರನ್ನು ನಾನು ಮಾಮ ಎನ್ನುತ್ತೇನೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಅವರದು.

ನಾನು ಸಿಂಧನೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಅಲ್ಲಿಂದ ಹಟ್ಟಿಗೆ ಹೊರಟರೆ ಮಸ್ಕಿ ದಾಟಿ, ಲಿಂಗಸುಗೂರಿನಲ್ಲಿ ಬಸ್ ಬದಲಿಸಬೇಕು. ಆಮೇಲೆ ಮಳೆಗಾಲ ಮುಗಿಯುವವರೆಗೂ ಅದೇ ದಾರಿ. ಬೆಳಿಗ್ಗೆ ಸುದ್ದಿ ಕಳಿಸಿ ಬಸ್ ಹತ್ತುತ್ತಿದ್ದೆ, ಸಂಜೆ ಮರಳಿ ಇನ್ನೊಂದು ಸುದ್ದಿಗೆ ಕೂರುತ್ತಿದ್ದೆ. ನಿದ್ದೆ ಬಸ್ಸಿನಲ್ಲೇ ಆಗುತ್ತಿತ್ತು.

ನೇರಳೆಯ ಗುಣದ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವ್ವ ಇದ್ದಾಗ ಮೊದಲ ಮಳೆಯ ಹೊತ್ತಿಗೆ ಮಸ್ಕಿ ಸಂತೆಯಿಂದ ಹಣ್ಣು ತರುತ್ತಿದ್ದಳು. ಉಪ್ಪು ಹಚ್ಚಿ ಎಲ್ಲರೂ ತಿನ್ನಲೇಬೇಕು. ಊಟದೊಂದಿಗೆ ಹೊಟ್ಟೆಗೆ ಹೋದ ಕೂದಲು ಅದರಿಂದ ಕರಗುತ್ತದೆ ಎಂಬ ನಂಬಿಕೆ. ಭೇದಿಯಾದರೆ ಹಣ್ಣಿನ ರಸ, ಬಾಯಿಹುಣ್ಣಿಗೆ ತೊಗಟೆ ಕುದಿಸಿದ ನೀರು. ಆ ಒಗರು ನೀರು ಮುಕ್ಕಳಿಸಿ ನನ್ನ ಬಾಯಿಹುಣ್ಣು ಮಾದದ್ದುಂಟು. ಬೀಜದಲ್ಲಿ ರಕ್ತದ ಸಕ್ಕರೆ ತಗ್ಗಿಸುವ ಗುಣವಿದೆಯೇ ಎಂದು ತಿಳಿದವರು ಪರೀಕ್ಷಿಸಿದ್ದಾರೆ. ಗುಳಿಗೆ ಬಿಟ್ಟು ಅದೊಂದನ್ನೇ ನಂಬಬಹುದು ಎಂದು ಸಾಬೀತಾಗಿಲ್ಲ. ಇದನ್ನು ಹೇಳಿದಾಗ ಅಕ್ಕ, ಪೇಪರಿನವರು ಯಾವುದನ್ನೂ ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ ಎಂದಳು.

ಪುಡಿಯನ್ನು ಅವಳು ಶ್ರದ್ಧೆಯಿಂದಲೇ ಮಾಡಿದ್ದಳು. ಕ್ವಾರ್ಟರ್ಸಿನ ಹೆಂಗಸರು ಹಣ್ಣು ತಿಂದು ಬೀಜ ಕೂಡಿಟ್ಟು ಕೊಟ್ಟಿದ್ದರು. ತೊಳೆದು, ನೆರಳಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಒಳಗಿನ ಹಸಿರು ತಿರುಳನ್ನು ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬಿದ್ದಳು. ದಿನಾ ಬೆಳಿಗ್ಗೆ ಒಂದು ಚಮಚ ಪುಡಿ ಮಜ್ಜಿಗೆಯಲ್ಲಿ. ಗುಳಿಗೆ ಯಾಕೆ ಬಿಟ್ಟೆ ಎಂದು ಕೇಳಿದೆ.

“ಗುಳಿಗಿ ನುಂಗಿದ್ರ ಕೈಕಾಲು ನಡಗ್ತಾವ ತಮ್ಮಾ. ಮೈಯೆಲ್ಲಾ ಬೆವರತೈತಿ. ಭಾಳ ಗರ್ಮಿ ಅವು. ಪುಡಿ ತಂಪೈತಿ, ನನಗೇನೂ ತ್ರಾಸ ಇಲ್ಲ.”

“ತ್ರಾಸೆಲ್ಲಾ ಬೆರಳಿಗಿ ಕೊಟ್ಟಾಳ,” ಎಂದರು ಮಾಮ.

ಹುಣ್ಣನ್ನೂ ಅವಳು ತೊಗಟೆಯ ನೀರಿನಿಂದಲೇ ತೊಳೆಯುತ್ತಿದ್ದಳು. ಮರುದಿನ ಮೂವರೂ ಲಿಂಗಸುಗೂರಿನ ಆಸ್ಪತ್ರೆಗೆ ಹೋದೆವು. ವೈದ್ಯೆ ಸಣ್ಣ ವಯಸ್ಸಿನವರು. ಸಕ್ಕರೆ ಬಹಳ ಏರಿದೆ, ಅದು ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ನೇರವಾಗಿ ಹೇಳಿದರು. ಪುಡಿಯನ್ನು ಅವರು ಹಳಿಯಲಿಲ್ಲ. ಹಣ್ಣಿನ ದಿನಗಳಲ್ಲಿ ನಾಲ್ಕು ಹಣ್ಣು ತಿನ್ನಿ, ಆದರೆ ಗುಳಿಗೆಯ ಕೆಲಸ ಪುಡಿ ಮಾಡುವುದಿಲ್ಲ, ಹುಣ್ಣಿಗೆ ತೊಗಟೆಯ ನೀರು ಮುಟ್ಟಿಸಬೇಡಿ ಎಂದರು. ನಡುಕದ ಮಾತು ಬಂದಾಗ, ಗುಳಿಗೆ ಎಷ್ಟು ಹೊತ್ತಿಗೆ ನುಂಗುತ್ತಿದ್ದಿರಿ ಎಂದು ಕೇಳಿದರು. ಬೆಳಿಗ್ಗೆ, ಚಹಾದ ಜೊತೆ, ಎಂದಳು ಅಕ್ಕ.

“ಊಟ?”

“ಇವರು ಬಂದು ಉಂಡ ಮ್ಯಾಲ.”

“ಇವರು ಬರೋದು ಎಷ್ಟೊತ್ತಿಗೆ?”

“ಯಾವ ವಾರದಾಗ್ರೀ?”

ವೈದ್ಯೆ ಪೆನ್ನು ಕೆಳಗಿಟ್ಟರು. ಮಾಮನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ಮುಂಜಾನೆ ಪಾಳಿಯ ವಾರ ಅವರು ಬೆಳಗಾಗುವ ಮುಂಚೆ ಹೋಗಿ, ಮಧ್ಯಾಹ್ನ ಹೊತ್ತಿಳಿದ ಮೇಲೆ ಬರುತ್ತಾರೆ. ಅವರು ಉಣ್ಣದೆ ಅಕ್ಕ ಉಣ್ಣುವುದಿಲ್ಲ. ಅವ್ವನೂ ಹಾಗೇ ಇದ್ದಳು. ಗುಳಿಗೆ ನುಂಗಿ ಅಷ್ಟು ಹೊತ್ತು ಬರಿಹೊಟ್ಟೆಯಲ್ಲಿದ್ದರೆ ಸಕ್ಕರೆ ಮಿತಿಮೀರಿ ಇಳಿದು ನಡುಕ, ಬೆವರು ಬರುತ್ತವೆ, ಅದು ಗರ್ಮಿ ಅಲ್ಲ ಎಂದು ವೈದ್ಯೆ ವಿವರಿಸಿದರು. ಗುಳಿಗೆ ಬದಲಿಸಿ ಬರೆದರು, ಮೊದಲು ಊಟ, ಆಮೇಲೆ ಗುಳಿಗೆ ಎಂದರು.

ಹೊರಗಿನ ಬೆಂಚಿನ ಮೇಲೆ ಕೂತೆವು. ಮಾಮ ಅಕ್ಕನನ್ನು ಕೇಳಿದರು:

“ನಾ ಯಾವತ್ತರ ಉಣಬ್ಯಾಡ ಅಂದೀನೇನು?”

“ಉಣ್ಣು ಅಂತರ ಯಾವತ್ತ ಅಂದೀರಿ?” ಎಂದಳು ಅಕ್ಕ. ಸಿಟ್ಟಿನಿಂದಲ್ಲ, ದಣಿದವರ ದನಿಯಲ್ಲಿ.

ಗುಳಿಗೆಗೆ ಅವಳು ಒಪ್ಪಿದಳು. ಗಂಡನಿಗಿಂತ ಮೊದಲು ಉಣ್ಣಲು ಒಪ್ಪಲಿಲ್ಲ. ನಾನು ಹೇಳಿದೆ, ಮಾಮ ಹೇಳಿದರು, ಪಕ್ಕದ ಮನೆಯವರೂ ಹೇಳಿದರು. ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ಮುಂದಿನ ಸಲ ಮುಂಜಾನೆ ಪಾಳಿ ಬಂದ ವಾರ ಮಾಮ ತಾವೇ ಒಂದು ದಾರಿ ಹುಡುಕಿದರು. ಕೆಲಸಕ್ಕೆ ಹೊರಡುವ ಮೊದಲು ಒಲೆಯ ಮುಂದೆ ಕೂತು ಒಂದು ರೊಟ್ಟಿ, ಪಲ್ಲೆ ಉಂಡು, ತಾಟು ಅಲ್ಲೇ ಬಿಟ್ಟರು. “ನಾ ಉಂಡೀನಿ. ಇನ್ನ ನಿಂದು,” ಎಂದರಂತೆ. ಅಷ್ಟು ಬೇಗ ಅವರಿಗೆ ಊಟ ಸೇರುವುದಿಲ್ಲ. ಗಣಿಯೊಳಗೆ ಹೊಟ್ಟೆ ಉಬ್ಬರಿಸುತ್ತದೆ ಎಂದು ನನ್ನೊಬ್ಬನಿಗೆ ಹೇಳಿದ್ದಾರೆ. ಅಕ್ಕ ಎಂಟರ ಸುಮಾರಿಗೆ ಉಂಡು ಗುಳಿಗೆ ನುಂಗುತ್ತಾಳೆ. ನಡುಕ ಬಂದಿಲ್ಲ.

ಅಕ್ಟೋಬರ್‌ನಿಂದ ಎರಡು ಸಲ ತಪಾಸಣೆಯಾಗಿದೆ. ಸಕ್ಕರೆ ಇಳಿದಿದೆ, ಹುಣ್ಣಿನ ಬಾಯಿ ಕಿರಿದಾಗಿದೆ, ಪೂರ್ತಿ ಮುಚ್ಚಿಲ್ಲ. ಬೆರಳು ಉಳಿಯುತ್ತದೆಯೇ ಎಂಬುದನ್ನು ಮುಂದಿನ ತಿಂಗಳು ನೋಡಿ ಹೇಳುವುದಾಗಿ ವೈದ್ಯೆ ತಿಳಿಸಿದ್ದಾರೆ.