ದೊರೆಯನ್ನು ಬೇಯಿಸಿದವಳು

ಬ್ರೆಸಾಕ್ ಕೋಟೆಯ ಇತಿಯೇ ಎಂಬ ದೊರೆಯ ಗೋರಿಯ ಮೇಲೆ ಮಠದವರು ಏನೇನೋ ಕೆತ್ತಿಸಿದ್ದಾರೆ. ಧರ್ಮಿಷ್ಠ, ಶೂರ, ಬಡವರ ತಂದೆ ಎಂದೆಲ್ಲ ಇದೆಯಂತೆ. ನನಗೆ ಓದು ಬರುವುದಿಲ್ಲ, ಬಂದಿದ್ದರೆ ಅಲ್ಲೇ ಉಗಿದು ಬರುತ್ತಿದ್ದೆನೋ ಏನೋ. ಮೂವತ್ತೊಂದು ವರ್ಷ ಆ ಮನುಷ್ಯನಿಗೆ ಬೇಯಿಸಿ ಹಾಕಿದವಳು ನಾನು, ಪೆರೋನೆಲ್. ಕೊನೆಗೆ ಅವನನ್ನೇ ಒಲೆಯ ಮೇಲೆ ಇಟ್ಟವಳೂ ನಾನೇ.

ಶೂರನಂತೆ! ಅಣ್ಣಂದಿರಿಬ್ಬರು ಜ್ವರದಲ್ಲಿ ಸತ್ತರು, ದೊರೆತನ ತಾನಾಗಿ ಇವನ ಮಡಿಲಿಗೆ ಬಂದು ಬಿತ್ತು. ಒಂದು ಗೋಪುರ, ಎರಡು ಗಿರಣಿ, ಒಂದು ಕಾಡು, ನಮ್ಮಂಥವರ ನಲವತ್ತು ಮನೆ. ದನಗಳು ಹೇಗೆ ಅವನವೋ ನಾವೂ ಹಾಗೇ ಅವನವರು. ಊಟಕ್ಕೆ ಕೂತರಂತೂ ನೋಡಲಾಗುತ್ತಿರಲಿಲ್ಲ. ಜಿಡ್ಡು ಸುರಿಯುವ ಕೈಯನ್ನು ಪಕ್ಕದಲ್ಲಿ ಮಲಗಿದ ನಾಯಿಯ ಬೆನ್ನಿಗೆ ಒರೆಸುವನು, ಚೀಪಿದ ಮೂಳೆಯನ್ನು ಹೆಂಡತಿಯ ತಟ್ಟೆಯ ಹತ್ತಿರ ಉಗುಳುವನು.

ಆ ಹೆಂಡತಿ ಅಲ್ಮೋದಿಸ್. ಹದಿಮೂರು ವರ್ಷದ ಹುಡುಗಿಯನ್ನು ಕಟ್ಟಿಕೊಂಡು ಬಂದ. ಹುಡುಗಿಯ ಜೊತೆ ಗಿರಣಿ ಬಂತೋ, ಗಿರಣಿಯ ಜೊತೆ ಹುಡುಗಿ ಬಂದಳೋ, ಅವನನ್ನೇ ಕೇಳಬೇಕಿತ್ತು. ಎಂಟು ಹೆತ್ತಳು, ಐದನ್ನು ಮಣ್ಣು ಮಾಡಿದಳು. ಉಳಿದದ್ದು ಗೂಫಿಯೇ ಎಂಬ ಒಬ್ಬ ಮಗ, ಮತ್ತೆ ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೆ ಮದುವೆ ಮಾಡಿದರೆ ಜೊತೆಗೆ ಭೂಮಿ ಕೊಡಬೇಕಲ್ಲ! ಅದಕ್ಕೆ ಏಳರ ಮಗುವನ್ನೂ ಎಂಟರ ಮಗುವನ್ನೂ ಒಟ್ಟಿಗೇ ಸನ್ಯಾಸಿನಿಯರ ಮಠಕ್ಕೆ ತಳ್ಳಿದ. “ಅಲ್ಲೇ ಇದ್ದು ಅಪ್ಪನ ಹೆಸರಲ್ಲಿ ಪ್ರಾರ್ಥನೆ ಮಾಡ್ಕೊಂಡಿರ್ಲಿ” ಎಂದನು, ಬಾಯಿತುಂಬ ಹಂದಿ ಮಾಂಸ ತುಂಬಿಕೊಂಡು. ಗಾಡಿ ಹತ್ತಿಸುವಾಗ ಚಿಕ್ಕವಳು ನನ್ನ ಸೆರಗು ಹಿಡಿದು ಚೀರಿದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು.

ನನಗೂ ಒಬ್ಬಳು ಮಗಳು, ಓದೀನ್. ಹೊಳೆಯಾಚೆಯ ಪಟ್ಟಣದಲ್ಲಿ ತೊಗಲು ಹದಮಾಡುವ ಫೂಲ್ಕ್ ಎಂಬ ಹುಡುಗ ಅವಳನ್ನು ಮೆಚ್ಚಿದ್ದ. ಅದು ಸ್ವತಂತ್ರರ ಪಟ್ಟಣ, ಅವನೂ ಸ್ವತಂತ್ರ. ಓದೀನ್ ಮಾತ್ರ ದೊರೆಯ ಸ್ವತ್ತು. ಅವನ ಮುದ್ರೆ ಬಿದ್ದ ಬಿಡುಗಡೆ ಪತ್ರ ಇಲ್ಲದೆ ಮದುವೆಯಾದರೆ ಅವಳಿಗೆ ಹುಟ್ಟುವ ಮಕ್ಕಳೂ ಅವನ ಸ್ವತ್ತೇ. ಅಂಥ ಸೊಸೆ ಯಾರಿಗೆ ಬೇಕು? ಪಾಪ, ಕೋಟೆಯ ಪಾದ್ರಿ ಎಲಿ ಪತ್ರ ಬರೆದುಕೊಟ್ಟಿದ್ದರು. ಮುದ್ರೆಯೊಂದೇ ಬಾಕಿ. ಎರಡು ವರ್ಷ ಆ ಪತ್ರವನ್ನು ಎದೆಗೆ ಕಟ್ಟಿಕೊಂಡೇ ಅಡುಗೆ ಮಾಡಿದೆ.

ಕೊನೆಯ ಸಲ ಕೇಳಿದ್ದು ದಂಡು ಹೊರಡುವ ಮುಂಚೆ.

“ದಣಿ, ಓದೀನ್ ಪತ್ರ...”

“ಅದೇನೇ ನಿನ್ನ ಗೋಳು, ನೆಮ್ಮದಿಯಾಗಿ ತಿನ್ನಕ್ಕೂ ಬಿಡಲ್ವಲ್ಲ! ಯುದ್ಧ ಮುಗಿಸ್ಕೊಂಡು ಬಂದ್ಮೇಲೆ ನೋಡೋಣ.”

“ಎರಡು ವರ್ಷದಿಂದ ನೋಡ್ತಾನೇ ಇದೀರಿ. ನವೆಂಬರಲ್ಲಿ ಬರೋ ಮಾರ್ಟಿನ್ ಸಂತರ ಹಬ್ಬದಾಚೆ ಹುಡುಗನ ಕಡೆಯವರು ಕಾಯಲ್ವಂತೆ.”

“ನಿನ್ನ ಮಗಳೇನು ಹಾಲಾ, ಇಟ್ರೆ ಒಡೆದೋಗಕ್ಕೆ?” ಎಂದು ತಾನೇ ನಕ್ಕು, ಕೈಯನ್ನು ನಾಯಿಗೆ ಒರೆಸಿದ.

ದಂಡಿನ ಜೊತೆ ಮಗನನ್ನೂ ಎಲಿ ಪಾದ್ರಿಯನ್ನೂ ಕರೆದುಕೊಂಡ, ಅಡುಗೆಗೆಂದು ನನ್ನನ್ನೂ ಎಳೆದುಕೊಂಡು ಹೋದ. ದಕ್ಷಿಣದ ಯಾವುದೋ ಊರಿಗೆ ಮುತ್ತಿಗೆ, ಆಗಸ್ಟ್ ತಿಂಗಳ ಉರಿಬಿಸಿಲು. ಶೂರ ಕತ್ತಿ ಹಿಡಿದದ್ದನ್ನು ನಾನು ನೋಡಲಿಲ್ಲ. ಬುಟ್ಟಿ ತುಂಬ ಹಾವುಮೀನು ಬಂದವು, ಹಳಸಿವೆ ದಣಿ, ಬೇಡ ಎಂದೆ. ಒಬ್ಬನೇ ಕೂತು ಮುಗಿಸಿದ. ಅಂದೇ ಭೇದಿ ಹತ್ತಿತು. ಆರು ದಿನ ಅವನ ಗಲೀಜು ಬಳಿದೆ, ಏಳನೆಯ ದಿನ ಬೆಳಿಗ್ಗೆ ಪ್ರಾಣ ಹೋಯಿತು. ನಾನು ಅತ್ತೆ, ಅವನಿಗಾಗಿ ಅಲ್ಲ, ಮುದ್ರೆಗಾಗಿ.

ನಮ್ಮ ಕಡೆ ದೊಡ್ಡಮನುಷ್ಯರನ್ನು ಸತ್ತಲ್ಲಿ ಹೂಳಿದರೆ ಮರ್ಯಾದೆ ಹೋದಂತೆ. ಮೂಳೆಗಳು ಅಪ್ಪ-ಅಜ್ಜಂದಿರ ಮಠಕ್ಕೇ ಹೋಗಬೇಕು. ಗುಂಡಿಗೆಯನ್ನು ಹೆಣ್ಣುಮಕ್ಕಳಿರುವ ಮಠಕ್ಕೆ ಕೊಡಬೇಕೆಂದು ಅವನೇ ಉಯಿಲು ಬರೆಸಿದ್ದ. ಬದುಕಿರುವಾಗ ಒಂದು ದಿನ ಆ ಕಡೆ ತಲೆ ಹಾಕದವನು! ಊರು ಇಪ್ಪತ್ತು ದಿನದ ದಾರಿ, ಆ ಸೆಕೆಯಲ್ಲಿ ಹೆಣ ಎರಡು ದಿನವೂ ತಡೆಯದು. ಇಂಥದ್ದಕ್ಕೆ ದೊಡ್ಡವರು ಕಂಡುಕೊಂಡ ದಾರಿಯೊಂದಿದೆ: ಹೆಣವನ್ನು ತುಂಡುಮಾಡಿ, ಮಾಂಸ ಬಿಡುವ ತನಕ ಬೇಯಿಸುವುದು. ದಂಡಿನ ಕ್ಷೌರಿಕ ಕತ್ತರಿಸಿಕೊಟ್ಟು, ವಾಂತಿ ಮಾಡಿಕೊಂಡು ಓಡಿಹೋದ. ಮಗ ಗೂಫಿಯೇ ನನ್ನ ಹತ್ತಿರ ಬಂದ.

“ಪೆರೋನೆಲ್, ಮುಂದಿನದು ನೀನೇ ಮಾಡ್ಬೇಕು.”

“ಅಯ್ಯೋ ಚಿಕ್ಕ ದಣಿ! ಉಪ್ಪು ತಿಂದ ಮನೆ ಯಜಮಾನ್ರು ಕಣ್ರೀ. ಥೂ, ನನ್ ಕೈಲಾಗಲ್ಲ.”

“ಉರಿ, ಹದ ಎಲ್ಲಾ ನಿನಗಿಂತ ಯಾರಿಗೆ ಗೊತ್ತು? ಒಂದು ಮೂಳೇನೂ ಒಡೀಬಾರ್ದು.”

ನಾನು ಎದೆಯಿಂದ ಪತ್ರ ತೆಗೆದೆ. “ಇದಕ್ಕೆ ಮುದ್ರೆ ಒತ್ತುತೀರಾ?”

“ಕೆಲಸ ಮುಗಿದ ತಕ್ಷಣ. ದೇವರಾಣೆ.”

ಒಪ್ಪಿಕೊಂಡೆ. ದಂಡಿಗೆ ಗಂಜಿ ಕಾಯಿಸುವ ಕೊಪ್ಪರಿಗೆಯಲ್ಲೇ ನೀರಿಗೆ ದ್ರಾಕ್ಷಾರಸ ಬೆರೆಸಿ ಒಲೆ ಹೊತ್ತಿಸಿದೆ. ನಾತ ಬಂದಿದ್ದರೆ ಹೇಗೋ ಸಹಿಸುತ್ತಿದ್ದೆ. ನಾತ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಡುಗೆಯ ಘಮ ಬಂತು! ವಿಷಯ ಗೊತ್ತಿಲ್ಲದ ಸಿಪಾಯಿಯೊಬ್ಬ ಮೂಗರಳಿಸುತ್ತ ಬಂದು, “ಏನಕ್ಕಾ, ಇವತ್ತು ಭಾರಿ ಜೋರು! ನಮಗೂ ಒಂದು ತುಂಡು ಹಾಕು” ಎಂದ. ಗುಡಾರದ ಹಿಂದೆ ಹೋಗಿ ಕರುಳು ಬಾಯಿಗೆ ಬರುವಂತೆ ಕಾರಿಕೊಂಡೆ. ಅದಕ್ಕಿಂತ ಹೇಸಿಗೆಯ ಮಾತೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಕಾರಿಕೊಂಡು ಬಂದವಳು, ಮೂವತ್ತೊಂದು ವರ್ಷದ ರೂಢಿಯಲ್ಲಿ, ಸೌಟಿನಿಂದ ಮೇಲಿನ ನೊರೆ ತೆಗೆದೆ. ನನ್ನ ಕೈ ತಾನಾಗಿ ಉಪ್ಪಿನ ಕಡೆ ಹೋಯಿತು.

ಸಂಜೆಗೆ ಮೂಳೆಗಳು ಬಿಳುಪಾದವು. ತೊಳೆದು, ಎಣಿಸಿ ತೊಗಲಿನ ಚೀಲಕ್ಕೆ ಹಾಕಿದೆ. ಉಳಿದ ರಾಡಿಯನ್ನು ಅಲ್ಲಿಯ ಸ್ಮಶಾನದಲ್ಲಿ ಹೂತರು. ಗುಂಡಿಗೆಗೆ ಮೊದಲೇ ಉಪ್ಪು ಹಾಕಿ ಜಾಡಿಯಲ್ಲಿ ಇಟ್ಟಿದ್ದೆ. ಪತ್ರ ಹಿಡಿದುಕೊಂಡು ಗೂಫಿಯೇ ಮುಂದೆ ನಿಂತೆ. ಮುದ್ರೆಯುಂಗುರ ಅವನ ಬೆರಳಲ್ಲೇ ಇತ್ತು.

“ಊರಿಗೆ ಹೋದ್ಮೇಲೆ ನೋಡೋಣ” ಎಂದ.

ಅಪ್ಪನ ಮಗ! ಆದರೆ ನಾನೂ ಅಷ್ಟು ದಡ್ಡಿಯಲ್ಲ.

“ಆಗ್ಲಿ ಚಿಕ್ಕ ದಣಿ. ಜಾಡಿ ಮಾತ್ರ ಮೂರಿವೆ. ಎರಡರಲ್ಲಿ ಹಂದಿ ಗುಂಡಿಗೆ ಉಪ್ಪು ಹಾಕಿಟ್ಟಿದೀನಿ. ಯಾವುದು ಯಾವುದು ಅಂತ ಯಾಕೋ ಮರೆತೇ ಹೋಗಿದೆ.”

ಅವನು ಮೂರೂ ಜಾಡಿಯೊಳಗೆ ಇಣುಕಿ ಮುಖ ತಿರುಗಿಸಿದ. ಎಲಿ ಪಾದ್ರಿ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. “ಹಂದಿಯ ಗುಂಡಿಗೆ ಮಠದ ಪೂಜಾಪೀಠದ ಕೆಳಗೆ ಹೋಗಿ ಕೂತ್ರೆ ಏನಪ್ಪಾ ಗತಿ! ನಿಮ್ಮ ತಂಗಿಯರು ಅದರ ಮುಂದೆ ಮೊಣಕಾಲೂರಬೇಕಾ?”

ಗೂಫಿಯೇ ನನ್ನ ಕೆನ್ನೆಗೆ ಬಾರಿಸಿದ. “ಕೊಂದ್ಹಾಕ್ತೀನಿ ಮುಂಡೆ!”

“ಕೊಲ್ಲಿ. ಆಮೇಲೆ ನೀವೇ ರುಚಿ ನೋಡಿ ಕಂಡ್ಹಿಡೀರಿ.”

ಮೇಣ ಕರಗಿತು, ಮುದ್ರೆ ಬಿತ್ತು. ಸರಿಯಾದ ಜಾಡಿಯನ್ನೇ ಕೊಟ್ಟೆ. ನನ್ನ ಸೆರಗು ಹಿಡಿದು ಚೀರಿದವಳಿಗೆ ಮತ್ತೊಂದು ಮೋಸ ಮಾಡಲು ಮನಸ್ಸು ಬರಲಿಲ್ಲ. ಮರುದಿನ ಅದೇ ಕೊಪ್ಪರಿಗೆಯನ್ನು ಬೂದಿಯಲ್ಲಿ ಉಜ್ಜಿಸಿ ದಂಡಿಗೆ ಗಂಜಿ ಕಾಯಿಸಿದರು, ಹೇಸದ ಜನ.

ಊರಿಗೆ ಬಂದಾಗ ಅಲ್ಮೋದಿಸ್ ಚೀಲವನ್ನು ಮುಟ್ಟಲಿಲ್ಲ. ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು.

“ಚೆನ್ನಾಗಿ ಬೆಂದ್ರಾ?”

“ಬೆಂದ್ರು ಅಮ್ಮಾವ್ರೇ.”

ಬಾಯಿಗೆ ಸೆರಗು ಒತ್ತಿ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ತವರಿನಿಂದ ತಂದ ಗಿರಣಿ ಇನ್ನು ತನ್ನ ಹೆಸರಿಗೆ ಬರುತ್ತದೆಯೇ ಎಂದು ಕೇಳಲು ಪಾದ್ರಿಗೆ ಹೇಳಿಕಳಿಸಿದಳು.

ಓದೀನ್ ಮದುವೆ ಮಾರ್ಟಿನ್ ಸಂತರ ಹಬ್ಬಕ್ಕೆ ಮುಂಚೆಯೇ ಆಯಿತು. ಆದರೆ ಸಿಪಾಯಿಗಳ ಬಾಯಿ ನನಗಿಂತ ಮೊದಲೇ ಪಟ್ಟಣ ಮುಟ್ಟಿತ್ತು. ಮದುವೆ ಮನೆಯಲ್ಲಿ ಸೌಟು ಹಿಡಿದರೆ ಬೀಗಿತ್ತಿ ನಗುತ್ತಲೇ ಕಿತ್ತುಕೊಂಡಳು. “ನೀವು ಸುಸ್ತಾಗಿದೀರಿ, ಕೂತ್ಕೊಳ್ಳಿ.” ಮಗಳು ನೆಲ ನೋಡುತ್ತಿದ್ದಳು.

ಮುಂದಿನ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು. ಹೋದೆ. ಬಾಣಂತಿಗೆ ನಾನಲ್ಲದೆ ಇನ್ಯಾರು ಮಾಡಬೇಕು? ಬೀಗಿತ್ತಿ ಸಂತೆಗೆ ಹೋದಾಗ, ಅವಳದೇ ಮನೆಯಲ್ಲಿ, ಅವಳದೇ ಪಾತ್ರೆಯಲ್ಲಿ, ಎಳೆಕೋಳಿಯ ಸಾರು ಮಾಡಿ ಬಟ್ಟಲಲ್ಲಿ ತಂದುಕೊಟ್ಟೆ.

“ಆಮೇಲೆ ಕುಡೀತೀನವ್ವ.”

“ಆರೋಗುತ್ತೆ ಕಣೇ, ಈಗ್ಲೇ ಕುಡಿ. ಕೈ ಉಜ್ಜಿ ಉಜ್ಜಿ ತೊಳ್ದಿದೀನಿ.”

“ಗೊತ್ತು. ನನಗೋಸ್ಕರ ಮಾಡ್ದೆ ಅನ್ನೋದೂ ಗೊತ್ತು. ನಿನ್ನ ಮೇಲೆ ಸಿಟ್ಟಿಲ್ಲವ್ವ.” ಅವಳ ಕಣ್ಣು ತುಂಬಿತ್ತು. “ಆದ್ರೆ ಗಂಟಲಲ್ಲಿ ಇಳಿಯಲ್ಲ. ಬೇಡ.”

ನಮ್ಮ ವಂಶದಲ್ಲಿ ಯಾರೂ ಯಾರಿಗೂ ಬೇಡ ಎಂದು ದಕ್ಕಿಸಿಕೊಂಡವರಿಲ್ಲ. ಮೊದಲು ಹೇಳಿದವಳು ನನ್ನ ಮಗಳು, ಹೇಳಿದ್ದು ನನಗೆ. ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಬಂದೆ. ಅಷ್ಟು ಒಳ್ಳೆಯ ಸಾರು, ಚೆಲ್ಲಲು ಮನಸ್ಸಾಗದೆ ನಾನೇ ಕುಡಿಯೋಣವೆಂದು ತುಟಿಗೆ ಇಟ್ಟೆ. ನನಗೂ ಇಳಿಯಲಿಲ್ಲ.