ಅತ್ತೆಯ ಕುಪ್ಪಸದ ಗಂಟು

ಐವತ್ತರ ದಶಕದ ಕೊನೆಗೆ ನಾನು ಹಂಸಭಾವಿಯಿಂದ ಸವಣೂರಿಗೆ ಸೊಸೆಯಾಗಿ ಬಂದಾಗ ನಮ್ಮ ಅತ್ತೆಯವರದು ತುಂಬಿದ ಮೈ. ಕುಪ್ಪಸದ ತುದಿಗಳು ಗಂಟಿಗೆ ಸಾಲದೆ, ಉಸಿರು ಬಿಗಿಹಿಡಿದು ಎಳೆದು ಕಟ್ಟುತ್ತಿದ್ದರು. ಉಂಡು ಉಟ್ಟ ಮನೆತನ ಎಂದು ಊರೆಲ್ಲ ಮೆಚ್ಚುತ್ತಿತ್ತು. ನಾನೂ ಮೆಚ್ಚಿದ್ದೆ.

ಬರಬರುತ್ತ ಹಿತ್ತಲ ಬಾವಿಗೆ ಹೋಗಿ ಬರುವಷ್ಟರಲ್ಲಿ ಅವರಿಗೆ ಏದುಸಿರು ಹತ್ತತೊಡಗಿತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯ ಮೊದಲೇ ಸೋತಿದೆ, ಇಷ್ಟು ಮೈಗೆಲ್ಲ ರಕ್ತ ನೂಕಿ ಇನ್ನೂ ಸೋಲುತ್ತದೆ, ಮೈ ಇಳಿಸದಿದ್ದರೆ ಜೀವಕ್ಕೆ ಅಪಾಯ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಸೋತವರಿಗೆ ತುಪ್ಪ ಉಣಿಸಬೇಕೆಂದು ಕಲಿತು ಬಂದವಳು ನಾನು. ಸೋತ ಎದೆಗೆ ಅರೆಹೊಟ್ಟೆಯ ಊಟವೇ?

ಆದರೂ ಅತ್ತೆ ಉಳಿಯಬೇಕಿತ್ತು. ಒಂದು ಜೋಳದ ರೊಟ್ಟಿ, ಪುಂಡಿಪಲ್ಯ, ನೀರುಮಜ್ಜಿಗೆ, ಅಷ್ಟೇ ಬಡಿಸಿದೆ. ಅವರು ಮುಖ ಸಿಂಡರಿಸಿಕೊಂಡೇ ಉಂಡರು. ಕೆಲವು ತಿಂಗಳಲ್ಲಿ ಗಂಟಿನ ತುದಿಗಳು ಗೇಣುದ್ದ ಜೋತಾಡತೊಡಗಿದವು. ಅತ್ತೆ ಬಾವಿಯಿಂದ ಬಂದು, ಏದುಸಿರಿಲ್ಲದೆ ನನ್ನೊಡನೆ ಮಾತಾಡುತ್ತ ನಿಲ್ಲುವಂತಾದರು.

ಆ ವರ್ಷ ನಾಗರಪಂಚಮಿಗೆ ಹಿರೇಕೆರೂರಿನಿಂದ ನಾದಿನಿ ತವರಿಗೆ ಬಂದರು. ತಾಯಿಯ ಬಳೆಗಳು ಮೊಣಕೈವರೆಗೆ ಸರಿಯುವುದನ್ನು ಕಂಡು ಅತ್ತೇಬಿಟ್ಟರು. ನಮ್ಮ ಕಡೆ ಅತ್ತೆ ಸೊರಗಿದರೆ ತಪ್ಪು ಬೇನೆಯದಲ್ಲ, ಸೊಸೆಯದು.

"ನಮ್ಮವ್ವಗ ಹೊಟ್ಟಿತುಂಬ ಹಾಕಾಕತ್ತಿಯೋ ಇಲ್ಲೋ?" ಎಂದು ಪಡಸಾಲೆಯಲ್ಲಿ ಎಲ್ಲರೆದುರು ಕೇಳಿದರು.

ಡಾಕ್ಟರ ಮಾತು ಹೇಳಿದೆ. ಯಾರೂ ನಂಬಲಿಲ್ಲ. ನೆರೆಯ ಹೆಂಗಸರು ನನ್ನನ್ನು ದುರುಗುಟ್ಟಿ ನೋಡಿ, ಅತ್ತೆಗೆಂದು ತುಪ್ಪದ ಗಿಂಡಿ ತಂದಿಟ್ಟು ಹೋದರು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಇಷ್ಟು ಮಂದಿ ಹೇಳುವುದೇ ಖರೆ ಇರಬಹುದೇ? ಡಾಕ್ಟರು ಹೇಳಿದ್ದು ನನಗೇ ಸರಿಯಾಗಿ ತಿಳಿದಿಲ್ಲವೇ? ಮರುದಿನದಿಂದ ಉಂಡಿ, ಹೋಳಿಗೆ, ಮೇಲೆ ತುಪ್ಪ, ಎಲ್ಲ ನನ್ನ ಕೈಯಾರೆ ಬಡಿಸಿದೆ. ಅತ್ತೆ ಬೇಡವೆನ್ನಲಿಲ್ಲ. ಬಾಯಿ ಕೆಟ್ಟಿತ್ತು, ಆಸೆಪಟ್ಟು ಉಣ್ಣುತ್ತಾರೆ ಎಂದುಕೊಂಡೆ.

ದೀಪಾವಳಿಯ ಹೊತ್ತಿಗೆ ಗಂಟು ಮತ್ತೆ ಬಿಗಿಯಾಯಿತು. ಈಗ ನೋಡು, ಸೊಸೆ ಅಂದರೆ ಹಿಂಗಿರಬೇಕು ಎಂದು ಓಣಿಯವರು ಹೊಗಳಿದರು. ಹಬ್ಬ ಮುಗಿದ ವಾರಕ್ಕೆ ಅತ್ತೆ ಬಾವಿಯ ದಾರಿಯಲ್ಲಿ ಎದೆ ಹಿಡಿದು ಕುಳಿತುಬಿಟ್ಟರು. ಓಡಿಹೋಗಿ ಗಂಟು ಬಿಚ್ಚಿದೆ, ಸೆರಗಿನಿಂದ ಗಾಳಿ ಹಾಕಿದೆ. ಬೇನೆ ಗೊತ್ತಿದ್ದೂ ಯಾಕೆ ಉಂಡಿರಿ ಎಂದು ಅಳುತ್ತ ಕೇಳಿದೆ.

ಉಸಿರು ತಿರುಗಿದ ಮೇಲೆ ಅವರು ಗಾಳಿ ಹಾಕುತ್ತಿದ್ದ ನನ್ನ ಕೈ ಹಿಡಿದರು.

"ಮಂದಿ ನಿನಗ ಅನ್ನಬಾರ್ದಂತ ಉಂಡೇನಿ," ಎಂದರು. "ನೀ ಯಾಕ ಹಾಕಿದಿ?"

ನಾನು ಹಾಕಿದ್ದೂ ಅದಕ್ಕೇ.