ಅಕ್ಷರದಮ್ಮನ ಕಿಟಕಿ

ಕಾಲೇಜು ಕಚೇರಿಯ ಮೂರನೇ ಕಿಟಕಿಯ ಹಿಂದೆ ಕೂರುವ ಗುಮಾಸ್ತೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅಕ್ಷರದಮ್ಮ. ಬೆನ್ನ ಹಿಂದೆ ಕರೆಯುವ ಹೆಸರು. ಅದು ಅವಳ ಕಿವಿಗೂ ಬಿದ್ದಿತ್ತು, ಮೇಲೆ ಮುಖ ಗಂಟಿಕ್ಕಿದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ತರಗತಿ ಶುರುವಾಗಿ ಆರು ವಾರದೊಳಗೆ ಓದುವ ವಿಷಯ ಬದಲಿಸಿಕೊಳ್ಳಬಹುದು. ಆಮೇಲೆ ಮೂರು ವರ್ಷ, ಇಷ್ಟವೋ ಕಷ್ಟವೋ, ಸಿಕ್ಕಿದ್ದನ್ನೇ ಓದಬೇಕು. ಆ ಅರ್ಜಿಗಳೆಲ್ಲ ಹತ್ತೊಂಬತ್ತು ವರ್ಷಗಳಿಂದ ಇವಳ ಕೈ ದಾಟಿಯೇ ಹೋಗುತ್ತಿದ್ದವು. ಅರ್ಜಿಯ ಕೊನೆಯಲ್ಲಿ 'ಬದಲಾವಣೆಗೆ ಕಾರಣ' ಎಂದು ನಾಲ್ಕು ಗೆರೆಗಳ ಜಾಗ. ಬೇರೆ ಯಾರಾದರೂ ಆಗಿದ್ದರೆ ಆ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಇವಳು ಮೊದಲು ನೋಡುತ್ತಿದ್ದದ್ದೇ ಅದನ್ನು. ಏನು ಬರೆದಿದೆ ಎಂದಲ್ಲ, ಯಾರು ಬರೆದಿದ್ದಾರೆ ಎಂದು. ಅಪ್ಪಂದಿರು ಪೆನ್ನು ಒತ್ತಿ ಬರೆಯುತ್ತಾರೆ, ಕಾಗದ ತಿರುಗಿಸಿ ಸವರಿದರೆ ಬೆರಳಿಗೆ ತಗಲುತ್ತದೆ ಎಂಬುದು ಅವಳ ಸಿದ್ಧಾಂತ.

"ಇದು ನಿಮ್ಮಪ್ಪನ ಅಕ್ಷರ ಅಲ್ವೇನಪ್ಪಾ?"

"ಹೌ... ಹೌದು ಮೇಡಂ."

"ಕ್ಲಾಸಲ್ಲಿ ಕೂರೋದು ನೀನೋ, ಅವ್ರೋ? ಹೋಗು, ಬೇರೆ ಫಾರಂ ತಗೊಂಡು ನಿನ್ನ ಕೈಯಾರೆ ಬರ್ಕೊಂಡು ಬಾ."

ಈ ಹಟ ಸುಮ್ಮನೆ ಬಂದದ್ದಲ್ಲ. ಅವಳ ಕಾಲಕ್ಕೆ ಅವಳ ಅರ್ಜಿ ತುಂಬಿದವರು ದೊಡ್ಡಪ್ಪ. ಕೆಮಿಸ್ಟ್ರಿ ಎಂದು ಕನವರಿಸುತ್ತಿದ್ದ ಹುಡುಗಿಯ ಹಣೆಗೆ ಕಾಮರ್ಸ್ ಅಂಟಿತು. ಆಫೀಸಿನ ಕೆಲಸ ಸಿಗುತ್ತದೆ ಎಂದಿದ್ದರು, ಸಿಕ್ಕಿತು ಕೂಡ. ಈಗಲೂ ಲ್ಯಾಬಿನ ಮುಂದೆ ಹಾಯುವಾಗ ಆ ಘಾಟು ಮೂಗಿಗೆ ಬಡಿದರೆ ಅವಳ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ನೋಡಿದವರಿಗೆ ಪಾಪ ಅನಿಸುತ್ತದೆ.

ಈ ವರ್ಷ ಅರ್ಜಿ ಕೊಡುವ ಕೊನೆಯ ದಿನ, ನಾಲ್ಕಕ್ಕೆ ಕಿಟಕಿ ಮುಚ್ಚಬೇಕು. ಒಂದು ಅರ್ಜಿ ಒಳಗೆ ಸರಿಯಿತು. ಕೆಮಿಸ್ಟ್ರಿ ಬಿಟ್ಟು ಜಿಯಾಲಜಿ. ಕಾರಣದ ಜಾಗ ಖಾಲಿ.

"ಕಾರಣ ಯಾರು ಬರೀತಾರೆ?" ತಲೆ ಎತ್ತದೆ ಕೇಳಿದಳು.

"ಅದೊಂದು ಬಿಟ್ಟು ಎಲ್ಲಾ ಬರ್ದಿದೀನಿ ಮೇಡಂ."

ಧ್ವನಿ ಕೇಳಿ ತಲೆ ಎತ್ತಿದಳು. ಬೆಳಿಗ್ಗೆ ತಾನೇ ಡಬ್ಬಿ ಕಟ್ಟಿಕೊಟ್ಟು ಕಳಿಸಿದ್ದ ಸ್ವಂತ ಮಗಳು, ಎಲ್ಲರಂತೆ ಸಾಲಿನಲ್ಲಿ ನಿಂತು ಬಂದಿದ್ದಾಳೆ!

"ಮನೇಲಿ ಒಂದು ಮಾತು ಹೇಳ್ಬಾರ್ದಿತ್ತೇನೇ?" ಧ್ವನಿ ತಗ್ಗಿಸಿ ಗದರಿದಳು.

"ಮೂರು ಸಲ ಹೇಳ್ದೆ. ಮೂರು ಸಲಾನೂ 'ಮೊದ್ಲು ಊಟ ಮಾಡು' ಅಂದ್ರಿ."

ಮನೆಯಲ್ಲಿ ನೀನು ಎಂದೇ ಮಾತಾಡಿಸುವ ಮಗಳ ಬಾಯಲ್ಲಿ ಬಂದ ಆ ಬಹುವಚನ ಚುರುಕ್ಕೆಂದಿತು. ಅಕ್ಷರದಮ್ಮ ಎದ್ದಳು. ಹೊಸ ಅರ್ಜಿಗೆ ಪ್ರವೇಶದ ಅರ್ಜಿಯನ್ನು ಸೇರಿಸಿ ಪಿನ್ನು ಹಾಕಬೇಕು, ಅದು ಬೀರುವಿನಲ್ಲಿತ್ತು. ನಾಲ್ಕಕ್ಕೆ ಇನ್ನು ಹನ್ನೆರಡು ನಿಮಿಷ. ಹುಡುಕುವುದು ತಡವಾಯಿತು ಎಂದುಬಿಟ್ಟರೆ ಕೇಳುವವರು ಯಾರು? ಮಗಳು ಕೆಮಿಸ್ಟ್ರಿಯಲ್ಲೇ ಉಳಿಯುತ್ತಾಳೆ. ಆ ಯೋಚನೆ ಅವಳ ತಲೆಯಲ್ಲಿ ಸುಳಿದದ್ದು ನಿಜ, ಮುಚ್ಚಿಡುವುದೇಕೆ.

ಆದರೆ ಫೈಲು ಮೇಲೆಯೇ ಇತ್ತು. ತೆರೆದಳು. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ, ಒಂದು ಕಾಲಮ್ಮೂ ಖಾಲಿಯಿಲ್ಲ. ಅಕ್ಷರ ತನ್ನದೇ. ಊರ ಮಕ್ಕಳ ಫಾರಂ ನೋಡುವವಳ ಮಗಳ ಫಾರಂನಲ್ಲಿ ತಪ್ಪಾಗಬಾರದೆಂದು ಊಟದ ಮೇಜಿನ ಮುಂದೆ ತಾನೇ ಕೂತು ತುಂಬಿದ್ದಳು. ಮಗಳು ಸಹಿ ಮಾತ್ರ ಹಾಕಿದ್ದಳು. 'ವಿದ್ಯಾರ್ಥಿಯ ಆಸಕ್ತಿ' ಎಂಬಲ್ಲಿ ಬರೆದಿತ್ತು: 'ಬಾಲ್ಯದಿಂದಲೂ ರಸಾಯನಶಾಸ್ತ್ರದಲ್ಲಿ ಅಪಾರ ಆಸಕ್ತಿ.'

ಯಾರ ಬಾಲ್ಯ? ಮಗಳ ಬಾಲ್ಯವೆಲ್ಲ ಕಲ್ಲು ಆರಿಸುವುದರಲ್ಲೇ ಕಳೆದಿತ್ತು. ಜೇಬಿನಲ್ಲಿ ಕಲ್ಲು, ದಿಂಬಿನ ಕೆಳಗೆ ಕಲ್ಲು. ಕಸವೆಂದು ಗುಡಿಸಿ ಎಸೆದವಳು ಇವಳೇ. ಅಕ್ಷರದಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ದೊಡ್ಡಪ್ಪನನ್ನು ಇಷ್ಟು ವರ್ಷ ಬೈದುಕೊಂಡದ್ದೆಲ್ಲ ನೆನಪಾಯಿತು.

ಬಂದು ಕೂತು, ತನ್ನ ಪೆನ್ನನ್ನು ಕಿಟಕಿಯಾಚೆ ತಳ್ಳಿದಳು. "ಕಾರಣ ಬರಿ. ಖಾಲಿ ಬಿಟ್ರೆ ತಗೊಳಲ್ಲ."

"ಬರೆದ್ರೆ ನಿಂಗೆ ಬೇಜಾರಾಗುತ್ತಮ್ಮ."

"ಆಗ್ಲಿ. ಬರಿ."

ಮಗಳು ಒಂದೇ ಸಾಲು ಬರೆದಳು: 'ಮೊದಲ ಅರ್ಜಿ ತುಂಬಿದವಳು ನಾನಲ್ಲ.'

ಅಕ್ಷರದಮ್ಮ ಎರಡು ಸಲ ಓದಿದಳು. ಅಭ್ಯಾಸಬಲದಿಂದ ಕಾಗದ ತಿರುಗಿಸಿ ಬೆರಳಾಡಿಸಿದಳು. ಪೆನ್ನು ಒತ್ತಿರಲಿಲ್ಲ. ಪೋಷಕರ ಸಹಿಯ ಜಾಗದಲ್ಲಿ ಸಹಿ ಹಾಕಿದಳು.

"ಆ ಕಲ್ಲುಗಳಲ್ಲಿ ಒಂದಾದ್ರೂ ಉಳಿದಿದ್ಯೇನೇ?"

ಮಗಳು ಬ್ಯಾಗಿನ ಒಳಜೇಬಿನಿಂದ ಬಿಳಿ ಗೆರೆಯ ಒಂದು ಕಂದು ಕಲ್ಲು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ತಾಯಿ ಮೊದಲ ಸಲ ಅದನ್ನು ಕೈಗೆತ್ತಿಕೊಂಡು ನೋಡಿದಳು.

"ಇದರ ಹೆಸರೇನು?"

"ಗೊತ್ತಿಲ್ಲಮ್ಮ. ಅದನ್ನ ಕಲಿಯೋಕೇ ಹೋಗ್ತಿರೋದು."

ಅಕ್ಷರದಮ್ಮ ಸೀಲು ಒತ್ತಿದಳು.